ಕೊಡಗಿನ ತೇವದಲ್ಲೂ ಕೈಕೊಡದ ಸ್ಪರ್ಶಸಂವೇದಿ ಉಡುಪನ್ನು ಸಿದ್ಧಪಡಿಸುವ ಬಗೆ

ಕಲಾವಿದ ತನ್ನ ಭುಜವನ್ನು ಮುಟ್ಟಿದೊಡನೆ ಕೊಡವರ ಪುಟ್ಟ ವಾದ್ಯವಾದ ದುಡಿಯ ಪೆಟ್ಟು ಕೇಳಿಸುವ, ಮುಂಗೈ ಸವರಿದರೆ ಹಿಂದಿನ ಪರದೆಯ ಮೇಲಿನ ಚಿತ್ರ ಬದಲಾಗುವ ಉಡುಪನ್ನು ಮಡಿಕೇರಿಯಲ್ಲೇ ಕುಳಿತು, ಒಬ್ಬ ಒಳ್ಳೆಯ ದರ್ಜಿ ಮತ್ತು ಬೆಸುಗೆ ಹಾಕಲು ಬಲ್ಲ ಒಬ್ಬ ವಿದ್ಯಾರ್ಥಿ ಸೇರಿ ತಯಾರಿಸಬಹುದು. 1990ರ ದಶಕದ ಕೊನೆಯಲ್ಲೇ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ಸಂಶೋಧಕರು ಕಸೂತಿ ಹಾಕಿದ ಕೀಲಿಮಣೆಯಿಂದ ಸಂಗೀತ ನುಡಿಸುವ ಜಾಕೆಟ್ ರೂಪಿಸಿದ್ದರು. ಅವರ ಪ್ರಯೋಗಗಳಲ್ಲಿ ಲೋಹದ ತಗಡು ಸುತ್ತಿದ ಎಳೆಗಳ ರೇಷ್ಮೆ ಬಟ್ಟೆಯೂ ಬಳಕೆಯಾಗಿತ್ತು. ಹೀಗೆ ಬೆಳೆದು ಬಂದ ವಿಧಾನಗಳನ್ನು ನಮ್ಮ ಜಿಲ್ಲೆಯಲ್ಲಿ ಬಳಸುವಾಗ ಎದುರಾಗುವ ದೊಡ್ಡ ತೊಡಕು ಗಾಳಿಯಲ್ಲಿನ ತೇವ. ದಸರೆಯ ರಾತ್ರಿ ಬಯಲು ವೇದಿಕೆಯಲ್ಲಿ ಇಬ್ಬನಿ ಬಿದ್ದ ಬಟ್ಟೆಯೂ ಬೆವರಿದ ಮೈಯೂ ಸೇರಿದಾಗ, ಮನೆಯೊಳಗೆ ಚೆನ್ನಾಗಿ ನಡೆದ ಸಂವೇದಕ ಯಾರೂ ಮುಟ್ಟದೆಯೇ ಸದ್ದು ಮಾಡತೊಡಗುತ್ತದೆ. ಆದ್ದರಿಂದ ಮೈಗೂ ಸಂವೇದಕಕ್ಕೂ ನಡುವೆ ಏನಿದೆ ಎಂಬುದನ್ನೇ ಮೊದಲು ಯೋಚಿಸಿ, ಉಳಿದುದನ್ನೆಲ್ಲ ಅದರ ಮೇಲೆ ಕಟ್ಟಬೇಕು.

ಇಲ್ಲಿ ಬಳಸುವುದು ಧಾರಕತ್ವದ, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯದ ತತ್ತ್ವ. ವಿದ್ಯುತ್ ಹರಿಸಬಲ್ಲ ಬಟ್ಟೆಯ ತುಂಡೊಂದಕ್ಕೆ ಅಂಗೈ ಹತ್ತಿರವಾದಾಗ ಅದರ ಧಾರಕತ್ವ ಕೆಲವು ಪಿಕೊಫ್ಯಾರಡ್‌ಗಳಷ್ಟು (ಧಾರಕತ್ವವನ್ನು ಅಳೆಯುವ ಅತಿ ಚಿಕ್ಕ ಮಾನ) ಏರುತ್ತದೆ, ಸರ್ಕ್ಯೂಟು ಆ ಏರಿಕೆಯನ್ನು ಗುರುತಿಸುತ್ತದೆ. ಉಡುಪಿನಲ್ಲಿ ತೊಂದರೆ ಏನೆಂದರೆ, ತೊಟ್ಟವನ ಮೈ ಸದಾ ಆ ತುಂಡಿನ ಹಿಂಬದಿಯಲ್ಲೇ ಇರುತ್ತದೆ. ಐದು ಸೆಂಟಿಮೀಟರ್ ಚೌಕದ ತುಂಡು ಮೈಯಿಂದ ಅರ್ಧ ಮಿಲಿಮೀಟರ್ ದೂರದಲ್ಲಿದ್ದರೆ, ನಡುವೆ ಬರೀ ಗಾಳಿಯಿದ್ದರೂ ಸುಮಾರು 44 ಪಿಕೊಫ್ಯಾರಡ್ ಆಗುತ್ತದೆ. ದೂರವನ್ನು ನಾಲ್ಕು ಮಿಲಿಮೀಟರ್‌ಗೆ ಏರಿಸಿದರೆ ಅದು ಐದೂವರೆಗೆ ಇಳಿಯುತ್ತದೆ. ಮೊದಲನೆಯ ಸ್ಥಿತಿಯಲ್ಲಿ ಉಸಿರಾಟಕ್ಕೆ ಎದೆ ಉಬ್ಬಿದರೂ ಅದು ಸ್ಪರ್ಶವೆಂದು ದಾಖಲಾಗಬಹುದು. ಇನ್ನು ನೀರಿನ ಪರಾವೈದ್ಯುತಾಂಕ, ಅಂದರೆ ನಡುವೆ ಇದ್ದು ಧಾರಕತ್ವವನ್ನು ಹೆಚ್ಚಿಸುವ ಗುಣದ ಅಳತೆ, ಗಾಳಿಯದಕ್ಕಿಂತ ಸುಮಾರು 80 ಪಟ್ಟು ಹೆಚ್ಚು, ಬೆವರಿನ ಉಪ್ಪಂತೂ ವಿದ್ಯುತ್ತನ್ನೇ ಹರಿಸುತ್ತದೆ. ಹೀಗಾಗಿ ನಡುವಿನ ಪದರ ಹತ್ತಿಯದ್ದಾಗಿ ಒದ್ದೆಯಾದರೆ ಆ ನಾಲ್ಕು ಮಿಲಿಮೀಟರ್ ಇದ್ದೂ ಇಲ್ಲದಂತೆ.

ಪದರಗಳನ್ನು ಒಳಗಿನಿಂದ ಹೊರಕ್ಕೆ ಈ ಕ್ರಮದಲ್ಲಿ ಜೋಡಿಸಿ. ಮೈಗೆ ತಾಗುವಂತೆ ಬೆವರು ಹೀರುವ ಹತ್ತಿಯ ಬನಿಯನ್ ಇರಲಿ. ಅದರ ಮೇಲೆ ಮಳೆಕೋಟಿಗೆ ಬಳಸುವ, ನೀರು ನುಸುಳದ ಬಟ್ಟೆ ಬರಬೇಕು. ಆ ಬಟ್ಟೆಯ ಹೊರಮುಖಕ್ಕೆ, ಸಂವೇದಕಗಳಿಗಿಂತ ಎರಡು ಬೆರಳು ಅಗಲವಾಗಿ, ವಿದ್ಯುತ್ ಹರಿಸುವ ಬಟ್ಟೆಯ ಒಂದು ಹಾಳೆಯನ್ನು ಹೊಲಿದು, ಅದನ್ನು ಸರ್ಕ್ಯೂಟಿನ ಗ್ರೌಂಡ್‌ಗೆ (ಸೊನ್ನೆ ವೋಲ್ಟಿನ ತುದಿಗೆ) ಸೇರಿಸಿದರೆ ಅದೇ ಮೈಯ ಪ್ರಭಾವ ತಡೆಯುವ ಕವಚವಾಗುತ್ತದೆ. ಕವಚದ ಮೇಲೆ ನಾಲ್ಕು ಮಿಲಿಮೀಟರ್ ದಪ್ಪದ, ನೀರು ಹೀರದ ಫೋಮ್, ಅದರ ಮೇಲೆ ಸಂವೇದಕದ ತುಂಡು, ಕೊನೆಗೆ ಹೊರಬಟ್ಟೆ. ಹೊರಬಟ್ಟೆ ತೆಳುವಾದಷ್ಟೂ ಒಳ್ಳೆಯದು. ಮನೆತನದ ಕುಪ್ಯವನ್ನು, ಅಂದರೆ ಕೊಡವ ಗಂಡಸರು ತೊಡುವ ನಿಲುವಂಗಿಯನ್ನು, ಇದಕ್ಕೆಂದು ಕತ್ತರಿಸಬೇಡಿ. ಅದೇ ಕಡಿತದಲ್ಲಿ ತೆಳು ಬಟ್ಟೆಯ ಕಪ್ಪು ನಿಲುವಂಗಿಯೊಂದನ್ನು ಹೊಸದಾಗಿ ಹೊಲಿಸಿ. ಒಕ್ಕದ (ಕೊಡವ ಮನೆತನದ) ಹಿರಿಯರು ತೊಟ್ಟ ಉಡುಪು ಮದುವೆಗೂ ಹಬ್ಬಕ್ಕೂ ಉಳಿಯಬೇಕಾದದ್ದು, ಪ್ರಯೋಗದ ಸಾಮಗ್ರಿಯಲ್ಲ.

ಕುಪ್ಯದ ಮೇಲೆ ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿಯಾದ ಚೇಲೆಯ ಜರಿ ಇಲ್ಲಿ ನಿಜವಾಗಿಯೂ ಕೆಲಸಕ್ಕೆ ಬರುವ ವಸ್ತು, ಆದರೆ ಎಲ್ಲ ಜರಿಯೂ ಅಲ್ಲ. ಅಸಲಿ ಜರಿಯಲ್ಲಿ ಬೆಳ್ಳಿಯೂ ನಕಲಿಯಲ್ಲಿ ತಾಮ್ರವೂ ಇರುವುದರಿಂದ ಇವೆರಡೂ ಸಾಮಾನ್ಯವಾಗಿ ವಿದ್ಯುತ್ ಹರಿಸುತ್ತವೆ, ಪ್ಲಾಸ್ಟಿಕ್ ಜರಿಯನ್ನು ಮಾತ್ರ ನೆಚ್ಚಿಕೊಳ್ಳುವಂತಿಲ್ಲ. ಅಂಗಡಿಗೆ ಮಲ್ಟಿಮೀಟರ್ ಒಯ್ದು, ವಿದ್ಯುತ್ ಹರಿದರೆ ಸದ್ದು ಮಾಡುವ ಸ್ಥಿತಿಯಲ್ಲಿಟ್ಟು, ಒಂದೇ ಎಳೆಯ ಮೇಲೆ ಎರಡು ಬೆರಳಗಲ ಬಿಟ್ಟು ಮೊನೆಗಳನ್ನಿಟ್ಟರೆ ಕೂಡಲೇ ತಿಳಿಯುತ್ತದೆ. ಮೊನೆಗಳನ್ನು ಅಂಚಿಗೆ ಅಡ್ಡಲಾಗಿ, ಅಕ್ಕಪಕ್ಕದ ಎರಡು ಎಳೆಗಳ ಮೇಲೆ ಇಟ್ಟು ಇನ್ನೊಮ್ಮೆ ನೋಡಿ: ಎಷ್ಟೋ ಸಲ ಸದ್ದೇ ಬರುವುದಿಲ್ಲ, ಏಕೆಂದರೆ ನಡುವೆ ರೇಷ್ಮೆ ಇರುವುದರಿಂದ ಜರಿಯ ಎಳೆಗಳು ಒಂದಕ್ಕೊಂದು ತಾಗಿರುವುದಿಲ್ಲ. ಆಗ ಉಕ್ಕಿನ ವಾಹಕ ದಾರದಿಂದ ಎಲ್ಲ ಎಳೆಗಳನ್ನೂ ದಾಟಿ ಅಡ್ಡ ಹೊಲಿಗೆ ಹಾಕಿದರೆ ಇಡೀ ಅಂಚು ಒಂದೇ ಸಂವೇದಕವಾಗುತ್ತದೆ. ಇದನ್ನೂ ಹೊಸ ಚೇಲೆಯ ಮೇಲೆಯೇ ಮಾಡಬೇಕು. ಪೀಚೆಕತ್ತಿ ಎಂಬ ಪುಟ್ಟ ಕಠಾರಿಯನ್ನು ಸಿಕ್ಕಿಸುವ ಮುಂಭಾಗವನ್ನು ಬಿಟ್ಟು ಪಕ್ಕದ ಭಾಗವನ್ನು ಆರಿಸಿಕೊಳ್ಳಿ. ಪೀಚೆಕತ್ತಿಯ ಬೆಳ್ಳಿಯ ಸರಪಳಿ ಕುಣಿತದಲ್ಲಿ ತೂಗಾಡಿ ಜರಿಗೆ ತಾಗಿದಾಗಲೆಲ್ಲ ಅಳತೆ ಜಿಗಿಯುತ್ತದೆ. ಬೆನ್ನ ಹಿಂದಿನ ತೊಡಂಗೆಂಬ ಕೊಕ್ಕೆಯಲ್ಲಿ ಅಗಲ ಅಲಗಿನ ಒಡಿಕತ್ತಿ ಇರುವ ಪಾತ್ರವಾದರೆ ಬೆನ್ನಿನ ಕೆಳಭಾಗವೂ ಬೇಡ.

ದಾರದ ವಿಷಯದಲ್ಲಿ ನನ್ನ ಒಲವು ಸ್ಟೇನ್‌ಲೆಸ್ ಉಕ್ಕಿನದರ ಕಡೆಗೆ. ಬೆಳ್ಳಿ ಲೇಪಿಸಿದ ದಾರ ಹೊಲಿಯಲು ಹಗುರವಾದರೂ ನಮ್ಮ ಹವೆಯಲ್ಲಿ ಕಪ್ಪಾಗುತ್ತದೆ. ಉಕ್ಕಿನ ದಾರಕ್ಕೆ ಬೆಸುಗೆ ಸರಿಯಾಗಿ ಹಿಡಿಯದಿರುವುದರಿಂದ ಲೋಹದ ಪ್ರೆಸ್ ಬಟನ್ನಿನ ರಂಧ್ರಗಳಲ್ಲಿ ಹಲವು ಸುತ್ತು ಬಿಗಿದು, ಗಂಟಿನ ಮೇಲೆ ಉಗುರುಬಣ್ಣದ ಒಂದು ಹನಿ ಹಾಕಿ. ಬ್ಯಾಟರಿಯ ವಿದ್ಯುತ್ತನ್ನು ಮಾತ್ರ ಇಂಥ ದಾರದಲ್ಲಿ ಹರಿಸಬಾರದು. ದಾರದ ರೋಧ 30 ಓಮ್ ಇದ್ದು 100 ಮಿಲಿಆಂಪಿಯರ್ ಹರಿದರೆ ಮೂರು ವೋಲ್ಟ್ ದಾರದಲ್ಲೇ ಕರಗಿಹೋಗುತ್ತದೆ. ಅದಕ್ಕೆ ಸಿಲಿಕೋನ್ ಹೊದಿಕೆಯ ಮೆದು ತಂತಿಯೇ ಸರಿ. ಸಂವೇದಕದಿಂದ ಹೊರಡುವ ತಂತಿಯೂ ಸ್ಪರ್ಶಕ್ಕೆ ಸ್ಪಂದಿಸುತ್ತದೆ ಎಂಬುದನ್ನು ನೆನಪಿಟ್ಟು ಅದನ್ನು ಆದಷ್ಟು ಗಿಡ್ಡವಾಗಿಡಿ.

ಸರ್ಕ್ಯೂಟಿಗೆ ಸ್ಪರ್ಶ ಗುರುತಿಸುವ ಎಂಪಿಆರ್121 ಎಂಬ ಚಿಪ್ ಇರುವ ಪುಟ್ಟ ಬೋರ್ಡ್ ಸಾಕು. ಅದು 12 ಸಂವೇದಕಗಳನ್ನು ನೋಡಿಕೊಳ್ಳುತ್ತದೆ, 3.3 ವೋಲ್ಟ್‌ನಲ್ಲಿ ನಡೆಯುತ್ತದೆ. ನಮಗೆ ಬೇಕಾದದ್ದು ಆರೇ: ಎರಡು ಭುಜ, ಎರಡು ಮುಂಗೈ, ಎದೆಯ ಎಡಭಾಗ, ಚೇಲೆಯ ಪಕ್ಕ. ಈ ಬೋರ್ಡನ್ನೂ, ಪ್ರೋಗ್ರಾಮ್ ನಡೆಸುವ, ವೈಫೈ ಉಳ್ಳ ಇಎಸ್‌ಪಿ32 ಬೋರ್ಡನ್ನೂ ಒಟ್ಟಿಗೆ ಹೆಗಲ ಮೂಳೆಗಳ ನಡುವಿನ ಜೇಬಿನಲ್ಲಿಡಿ. ಸುರಕ್ಷಾ ಸರ್ಕ್ಯೂಟ್ ಇರುವ 3.7 ವೋಲ್ಟ್, 1000 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಒಂದು ಪ್ರದರ್ಶನಕ್ಕೆ ಧಾರಾಳವಾಗಿ ಸಾಲುತ್ತದೆ. ಅದನ್ನು ಬೆವರು ತಾಗದ ಚೀಲದಲ್ಲಿ, ಬಿದ್ದರೆ ಪೆಟ್ಟಾಗದ ಪಕ್ಕೆಯ ಕಡೆ ಇರಿಸಿ. ಗೋಡೆಯ ಪ್ಲಗ್ಗಿನ ಮುಖ್ಯ ವಿದ್ಯುತ್ತಿಗೆ ಸೇರಿದ ಯಾವ ತಂತಿಯೂ ಕಲಾವಿದನ ಮೈಗೆ ಬರಕೂಡದು. ಇದರಲ್ಲಿ ರಾಜಿ ಇಲ್ಲ.

ಪ್ರೋಗ್ರಾಮನ್ನು ಅರ್ಡುಯಿನೊ ತಂತ್ರಾಂಶದಲ್ಲಿ ಬರೆಯಬಹುದು. ಸ್ಪರ್ಶ ಆರಂಭವಾಯಿತೆನ್ನಲು ಒಂದು ಮಿತಿ, ಮುಗಿಯಿತೆನ್ನಲು ಅದಕ್ಕಿಂತ ಕಡಿಮೆಯ ಇನ್ನೊಂದು ಮಿತಿ ಇಟ್ಟರೆ ಗಡಿಯಲ್ಲಿ ಅಳತೆ ತುಯ್ದಾಡಿದರೂ ಸದ್ದು ಮರುಕಳಿಸುವುದಿಲ್ಲ. ಚಿಪ್ಪಿನ ಅಳತೆಯ ಅಂಕಿಗಳಲ್ಲಿ 12 ಮತ್ತು 6ರಿಂದ ಆರಂಭಿಸಿ ನಿಮ್ಮ ಬಟ್ಟೆಗೆ ತಕ್ಕಂತೆ ಹೊಂದಿಸಿಕೊಳ್ಳಿ. ನಾಲ್ಕಕ್ಕಿಂತ ಹೆಚ್ಚು ಸಂವೇದಕಗಳು ಒಮ್ಮೆಲೇ ಸ್ಪಂದಿಸಿದರೆ ಅದನ್ನು ತೇವದ ಲಕ್ಷಣವೆಂದು ತಿಳಿದು ಕಡೆಗಣಿಸುವ ಒಂದು ಸಾಲು ಸೇರಿಸಿ. ಮೂಲಮಟ್ಟವನ್ನು, ಅಂದರೆ ಯಾರೂ ಮುಟ್ಟದಿರುವಾಗಿನ ಅಂಕಿಯನ್ನು, ಅಳೆಯುವ ಸಮಯವೂ ಮುಖ್ಯ. ಉಡುಪು ತೊಟ್ಟೊಡನೆ ಅಳೆದರೆ ಅದು ಒಣಬಟ್ಟೆಯ ಅಳತೆಯಾಗುತ್ತದೆ. ಕಾಲು ಗಂಟೆ ಅಭ್ಯಾಸದ ಹೆಜ್ಜೆ ಹಾಕಿ ಮೈ ಬಿಸಿಯಾದ ಮೇಲೆ, ರಂಗಕ್ಕೆ ಬರುವ ಮುನ್ನ ಅಳೆಯಬೇಕು, ತೋಳಂಚಿನೊಳಗೆ ಅದಕ್ಕೆಂದೇ ಒಂದು ಗುಂಡಿ ಇರಬೇಕು. ಪರೀಕ್ಷೆಯನ್ನೂ ಬ್ಯಾಟರಿಯ ಮೇಲೆಯೇ ಮಾಡಿ. ಯುಎಸ್‌ಬಿ ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಸೇರಿಸಿದಾಗ ಗ್ರೌಂಡ್ ಬದಲಾಗುವುದರಿಂದ ಆ ಅಂಕಿಗಳು ವೇದಿಕೆಯಲ್ಲಿ ಹೊಂದುವುದಿಲ್ಲ.

ಯಾರ ಕೈ ಮುಟ್ಟುತ್ತದೆ ಎಂಬುದನ್ನು ನೃತ್ಯ ಸಂಯೋಜಿಸುವವರು ಮೊದಲೇ ತಿಳಿಸಬೇಕು. ತೊಟ್ಟವನ ಮೈ ಕವಚದ ಮೂಲಕ ಸರ್ಕ್ಯೂಟಿನೊಂದಿಗೆ ಬೆಸೆದಿರುವುದರಿಂದ ಅವನದೇ ಕೈ ತಾಗಿದಾಗ ಸಂಕೇತ ಬಲವಾಗಿರುತ್ತದೆ. ಬೇರೆಯವರು ಮುಟ್ಟಿದಾಗ ಅದು ಸ್ವಲ್ಪ ಕುಗ್ಗುತ್ತದೆ, ಅವರು ನಿಂತ ನೆಲ ಮತ್ತು ಪಾದರಕ್ಷೆಗೆ ತಕ್ಕಂತೆ ಬದಲಾಗುತ್ತದೆ. ಆದರೆ ಒಂದು ಕೈಯಿಂದ ತೊಟ್ಟವನ ಬರಿಗೈ ಹಿಡಿದು ಇನ್ನೊಂದರಿಂದ ಭುಜ ಮುಟ್ಟಿದರೆ ಸಂಕೇತ ಮತ್ತೆ ಗಟ್ಟಿಯಾಗುತ್ತದೆ. ಕೈಹಿಡಿದು ವೃತ್ತದಲ್ಲಿ ಸಾಗುವ ಹೆಜ್ಜೆಗಳಿಗೆ ಇದು ಬಹಳ ಸೊಗಸಾಗಿ ಒದಗುವ ಗುಣ ಎಂದು ನನಗನ್ನಿಸುತ್ತದೆ. ಪ್ರೇಕ್ಷಕರನ್ನೂ ಮುಟ್ಟಲು ಕರೆಯುವುದಾದರೆ ಭುಜ ಮತ್ತು ಮುಂಗೈಯನ್ನು ಬಿಟ್ಟು ಉಳಿದ ಸಂವೇದಕಗಳನ್ನು ಪ್ರದರ್ಶನದ ಆ ಭಾಗದಲ್ಲಿ ನಿಷ್ಕ್ರಿಯಗೊಳಿಸಿ, ಕಲಾವಿದರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ಇಎಸ್‌ಪಿ32ರಿಂದ ಸಂದೇಶಗಳು ವೈಫೈ ಮೂಲಕ ಲ್ಯಾಪ್‌ಟಾಪಿಗೆ ಹೋಗಿ, ಅಲ್ಲಿ ಉಚಿತವಾಗಿ ಸಿಗುವ ಪ್ಯೂರ್ ಡೇಟಾ ಎಂಬ ತಂತ್ರಾಂಶ ಧ್ವನಿಯನ್ನೂ ಪ್ರೊಸೆಸಿಂಗ್ ಎಂಬ ತಂತ್ರಾಂಶ ಚಿತ್ರವನ್ನೂ ನಡೆಸಬಲ್ಲವು. ನಿಮ್ಮದೇ ರೌಟರ್ ಒಯ್ದು ವೇದಿಕೆಯ ಪಕ್ಕದಲ್ಲೇ ಎತ್ತರದಲ್ಲಿಡಿ. ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲವಾದ್ದರಿಂದ ಅದಕ್ಕೂ ಯುಪಿಎಸ್ ಇರಲಿ. ಲ್ಯಾಪ್‌ಟಾಪಿನ 1ರಿಂದ 6ರವರೆಗಿನ ಕೀಲಿಗಳಿಗೆ ಆರು ಸಂವೇದಕಗಳ ಕೆಲಸವನ್ನೂ ವಹಿಸಿ, ಕುಣಿತದ ಪ್ರತಿ ಹೆಜ್ಜೆ ಬಲ್ಲವರೊಬ್ಬರನ್ನು ಅಲ್ಲಿ ಕೂರಿಸಿದರೆ ಮಳೆ ಬಂದರೂ ಪ್ರದರ್ಶನ ನಿಲ್ಲುವುದಿಲ್ಲ.

ಪ್ರದರ್ಶನ ಮುಗಿದೊಡನೆ ಬ್ಯಾಟರಿ ಮತ್ತು ಬೋರ್ಡುಗಳನ್ನು ತೆಗೆದಿಡಿ. ಸಂವೇದಕಗಳ ಹಲಗೆಗಳನ್ನು, ಅಂದರೆ ಫೋಮ್ ಮತ್ತು ಸಂವೇದಕದ ತುಂಡು ಸೇರಿದ ಪದರಗಳನ್ನು, ಪ್ರೆಸ್ ಬಟನ್ನುಗಳಿಂದ ಬಿಡಿಸಿ, ಬನಿಯನ್ ಮತ್ತು ನಿಲುವಂಗಿಯನ್ನಷ್ಟೇ ಒಗೆಯಿರಿ. ಹಲಗೆಗಳನ್ನು ಒಲೆಯ ಮೇಲ್ಗಡೆ ಒಣಹಾಕಿದರೆ ಫೋಮ್ ಹಾಳಾಗುತ್ತದೆ. ಫ್ಯಾನಿನ ಗಾಳಿಗೆ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮುಂದಿನ ಪ್ರದರ್ಶನಕ್ಕೆ ಒಂದು ವಾರ ಮೊದಲು ಪ್ರತಿ ಹೊಲಿಗೆಯನ್ನೂ ಮಲ್ಟಿಮೀಟರಿನಿಂದ ಮತ್ತೆ ಪರೀಕ್ಷಿಸಿ.