ಗಸಿ ತಳದಲ್ಲಿ, ತಿಳಿ ಮೇಲೆ

ಮನೆಯಲ್ಲಿ ಬಿಯರ್ ಮಾಡುವಾಗ, ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ (ಮೊಳಕೆ ಬರಿಸಿದ ಬಾರ್ಲಿಯ ಸಾರ) ಕದಡಿದ ವರ್ಟ್, ಅಂದರೆ ಇನ್ನೂ ಹುದುಗದ ಸಿಹಿ ದ್ರವ, ಕುದಿ ಬಂದ ಕೂಡಲೇ ಒಡೆದ ಹಾಲಿನಂತೆ ಚೂರು ಚೂರು ತೇಲುತ್ತದೆ. ಹೆದರಬೇಡಿ, ಅದು ಪ್ರೋಟೀನ್. ಜೋರಾಗಿ ಕುದಿಯಲಿ. ಕೊನೆಯ 15 ನಿಮಿಷ ಇರುವಾಗ 20 ಲೀಟರಿಗೆ 1 ಟೀ ಚಮಚ ಐರಿಷ್ ಮಾಸ್ ಹಾಕಿ. ಅದು ಪ್ರೋಟೀನನ್ನು ಒಟ್ಟುಗೂಡಿಸುವ ಕಡಲ ಪಾಚಿ.

ಕಷ್ಟ ಇರುವುದು ತಣಿಸುವುದರಲ್ಲಿ. ಬೇಗ ತಣಿದಷ್ಟೂ ಉಳಿದ ಪ್ರೋಟೀನ್ ಚೆನ್ನಾಗಿ ಹೆಪ್ಪುಗಟ್ಟುತ್ತದೆ. ಏಪ್ರಿಲ್‌ನಲ್ಲಿ ಕಾರವಾರದ ನಲ್ಲಿ ನೀರೇ ಬೆಚ್ಚಗೆ, ಅಲ್ವಾ? ನಾನು ಬಟ್ಟೆ ನೆನೆಸುವ ಟಬ್ಬಿಗೆ ಐಸ್ ಸುರಿದು, ಮುಚ್ಚಿದ ಪಾತ್ರೆಯನ್ನು ಅದರಲ್ಲಿ ಕೂರಿಸುತ್ತೇನೆ. ಐಸ್ ನೀರು ಒಳಗೆ ಸಿಡಿಯಬಾರದು.

ತಣಿದ ಮೇಲೆ ಸ್ಯಾನಿಟೈಸ್ ಮಾಡಿದ ಸೌಟಿನಿಂದ ಒಂದೇ ದಿಕ್ಕಿಗೆ ಜೋರಾಗಿ ತಿರುಗಿಸಿ, 20 ನಿಮಿಷ ಸುಮ್ನೆ ಬಿಡಿ. ಗಸಿ ನಡುವೆ ಗುಡ್ಡೆಯಾಗುತ್ತದೆ. ಅಂಚಿನಿಂದ ತಿಳಿಯನ್ನು ಹುದುಗಿಸುವ ಪಾತ್ರೆಗೆ ಸೈಫನ್ ಮಾಡಿ, ಅಂದರೆ ಕೊಳವೆಯಿಂದ ಇಳಿಸಿ. ಸ್ವಲ್ಪ ಗಸಿ ಜೊತೆಗೆ ಹೋದರೂ ಪರವಾಗಿಲ್ಲ, ಹುದುಗಿದ ಮೇಲೆ ಯೀಸ್ಟ್ ಜೊತೆ ತಳ ಸೇರುತ್ತದೆ.