ಗಂಟಿಗೆ ಸೂಜಿ ಚುಚ್ಚಿಸುವ ಮೊದಲು

ಅತ್ತೆ ನೀರು ಕುಡಿಯುತ್ತಿದ್ದರು. "ಅಜ್ಜೀ, ನಿಮ್ಮ ಕೊರಳಲ್ಲಿ ನೆಲ್ಲಿಕಾಯಿ ಓಡಾಡ್ತಿದೆ" ಅಂದಳು ನನ್ನ ಮಗಳು. ನೋಡಿದರೆ ಹೌದು. ಗುಟುಕು ನುಂಗಿದಾಗಲೆಲ್ಲ ಒಂದು ಗಂಟು ಮೇಲೆ ಹೋಗಿ ಕೆಳಗೆ ಇಳಿಯುತ್ತಿತ್ತು. ಹೀಗೆ ನುಂಗುವಾಗ ಜೊತೆಗೇ ಓಡಾಡುವ ಗಂಟು ಹೆಚ್ಚಾಗಿ ಥೈರಾಯ್ಡ್‌ನದು. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು, ಸ್ಕ್ಯಾನಿಂಗ್ ಮಾಡಿಸಿದರು, ಕೊನೆಗೆ ಚೀಟಿಯಲ್ಲಿ ನಾಲ್ಕು ಅಕ್ಷರ ಬರೆದರು: ಎಫ್‌ಎನ್‌ಎಸಿ. ಅಂದರೆ ಗಂಟಿಗೆ ಸಣ್ಣ ಸೂಜಿ ಚುಚ್ಚಿ, ಕೋಶಗಳನ್ನು ಎಳೆದು ನೋಡುವ ಪರೀಕ್ಷೆ.

ಅಲ್ಲಿಂದ ಮೂರು ವಾರ ಸುಮ್ನೆ ಹಾಳಾಯಿತು. "ಗಂಟಿಗೆ ಸೂಜಿ ಚುಚ್ಚಿಸಬೇಡಿ, ಕೆರಳುತ್ತೆ" ಎಂದು ಪಕ್ಕದ ಮನೆಯವರು ಹೇಳಿದರು. "ನಮ್ಮ ಭಾವನಿಗೆ ಚುಚ್ಚಿದ ಮೇಲೇ ಜಾಸ್ತಿ ಆಗಿದ್ದು" ಎಂದು ಇನ್ನೊಬ್ಬರು. ಅತ್ತೆ ಹಟ ಹಿಡಿದು ಕೂತರು.

ಈ ಭಯಕ್ಕೆ ಬುಡವೇ ಇಲ್ಲ ಎನ್ನಲಾರೆ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶ ಬೆಳೆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಆದರೆ ಇಷ್ಟು ಸಣ್ಣ ಸೂಜಿಯಿಂದ ಹಾಗಾಗುವುದು ಅಪರೂಪದಲ್ಲಿ ಅಪರೂಪ. ವೃಷಣದ ಗಂಟಿನಂಥ ಕೆಲವು ಕಡೆ ಡಾಕ್ಟರುಗಳೇ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಉಳಿದಂತೆ, ಚುಚ್ಚಿದ ಮೇಲೆ ಜಾಸ್ತಿಯಾಯಿತು ಎನ್ನುವವರಲ್ಲಿ ಬಹಳಷ್ಟು ಮಂದಿ ಕಾಯಿಲೆ ಬಲಿತ ಮೇಲೆ ಚುಚ್ಚಿಸಿಕೊಂಡವರು. ಕಾಯಿಲೆ ಮೊದಲೇ ಇತ್ತು, ಬೈಗುಳ ಮಾತ್ರ ಸೂಜಿಗೆ.

ಇದು ಬಯಾಪ್ಸಿಯೇ?

ಆಡುಮಾತಿನಲ್ಲಿ ಹೌದು. ಆದರೆ ಬಯಾಪ್ಸಿ ಎಂದರೆ ಮಾಂಸದ ಒಂದು ತುಂಡು ತೆಗೆಯುವುದು. ಎಫ್‌ಎನ್‌ಎಸಿಯಲ್ಲಿ ಬರುವುದು ಬಿಡಿ ಬಿಡಿ ಕೋಶಗಳು. ನಮ್ಮ ಮಾವ ದಾವಣಗೆರೆಯ ಮಂಡಿಯಲ್ಲಿ ಲೆಕ್ಕ ಬರೆದವರು. ಅವರಿಗೆ ಅರ್ಥವಾಗಲಿ ಎಂದು ನಾನು ಹೇಳಿದ್ದು ಹೀಗೆ: ಮೂಟೆ ಬಿಚ್ಚದೆ, ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ನೋಡ್ತೀರಲ್ಲ, ಅದೇ ಇದು. ಅವರು ತಕ್ಷಣ ಕೇಳಿದರು: "ಕೊಳವೆ ಹೋದ ಕಡೆ ಕಾಳು ಚೆನ್ನಾಗಿದ್ದು, ಮೂಟೆಯ ತಳದಲ್ಲಿ ಹುಳ ಇದ್ದರೆ?" ಒಳ್ಳೆಯ ಪ್ರಶ್ನೆ. ಅದಕ್ಕೇ ಎರಡು ಮೂರು ಕಡೆ ಚುಚ್ಚುತ್ತಾರೆ, ಸಣ್ಣ ಅಥವಾ ಆಳದ ಗಂಟಾದರೆ ಸ್ಕ್ಯಾನಿಂಗ್ ನೋಡಿಕೊಂಡೇ ಚುಚ್ಚುತ್ತಾರೆ.

1930ರಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಆಸ್ಪತ್ರೆಯ ಮಾರ್ಟಿನ್ ಮತ್ತು ಎಲ್ಲಿಸ್ ಈ ವಿಧಾನದ ಬಗ್ಗೆ ಬರೆದಾಗ ಬಳಸಿದ್ದು 18 ಗೇಜ್‌ನ ದಪ್ಪ ಸೂಜಿ. ಈಗ ಬಳಸುವುದು ಹೆಚ್ಚಾಗಿ 22ರಿಂದ 25 ಗೇಜ್. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದು. 23 ಗೇಜ್ ಎಂದರೆ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ, ಅಷ್ಟೆ.

ಹೋಗುವ ಮುನ್ನ

ಕೊರಳು, ಕಂಕುಳು, ಸ್ತನದಂಥ ಮೇಲ್ಭಾಗದ ಗಂಟಿಗೆ ಉಪವಾಸ ಬೇಕಿಲ್ಲ. ತಿಂಡಿ ತಿಂದೇ ಹೋಗಿ. ಖಾಲಿ ಹೊಟ್ಟೆ ಜೊತೆಗೆ ಭಯ ಸೇರಿದರೆ ತಲೆ ಸುತ್ತುತ್ತದೆ. ಶ್ವಾಸಕೋಶ, ಲಿವರ್‌ನಂಥ ಒಳಗಿನ ಗಂಟಿನ ಲೆಕ್ಕ ಬೇರೆ, ಅಲ್ಲಿ ಆಸ್ಪತ್ರೆಯವರು ಹೇಳಿದಂತೆ ಮಾಡಿ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಇಂಥವು. ಆದರೆ ನೀವಾಗೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ಆ ಕೆಲಸ ಮಾಡಲೇಬಾರದು. ಮೇಲಿನ ಗಂಟಿಗೆ ಎಷ್ಟೋ ಸಲ ಮಾತ್ರೆ ನಿಲ್ಲಿಸುವ ಅಗತ್ಯವೇ ಬರುವುದಿಲ್ಲ. ಅದನ್ನು ಡಾಕ್ಟರ್ ತೀರ್ಮಾನಿಸಲಿ.

ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಕೈಯಲ್ಲಿರಲಿ. ಹಿಂದೆ ಟಿಬಿ ಆಗಿತ್ತಾ, ಯಾವುದಾದರೂ ಕ್ಯಾನ್ಸರ್‌ಗೆ ಚಿಕಿತ್ಸೆ ಆಗಿತ್ತಾ, ಇದನ್ನು ಅವರು ಕೇಳದಿದ್ದರೂ ಹೇಳಿ. ಕೊರಳಿನ ಗಂಟಾದರೆ ಸರ, ತಾಳಿ ಮನೆಯಲ್ಲೇ ಇಟ್ಟು ಹೋಗುವುದು ಮೇಲು. ಅತ್ತೆ ತಾಳಿ ಬಿಚ್ಚಲು ಒಪ್ಪಲಿಲ್ಲ. ನರ್ಸ್ ಏನೂ ವಾದ ಮಾಡದೆ ಅದನ್ನು ಭುಜದ ಹಿಂದಕ್ಕೆ ಸರಿಸಿ ಪ್ಲಾಸ್ಟರ್ ಅಂಟಿಸಿದರು!

ಟೇಬಲ್ ಮೇಲೆ

ಭುಜದ ಕೆಳಗೆ ದಿಂಬು ಇಡುತ್ತಾರೆ. ತಲೆ ಹಿಂದಕ್ಕೆ ಬಾಗಿ ಗಂಟು ಮೇಲೆ ಬರುತ್ತದೆ. ಕತ್ತು ನೋವಿನವರಿಗೆ ನಿಜವಾದ ಕಷ್ಟ ಇದೇ, ಸೂಜಿಯಲ್ಲ. ಕತ್ತಿನ ತೊಂದರೆ ಇದ್ದರೆ ಮಲಗುವ ಮೊದಲೇ ಹೇಳಿ.

ಮರಗಟ್ಟಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದಿಲ್ಲ. ಅದೂ ಒಂದು ಚುಚ್ಚೇ ಅಲ್ವಾ? ಸ್ಪಿರಿಟ್ ಒರೆಸಿ, ಗಂಟನ್ನು ಎರಡು ಬೆರಳಲ್ಲಿ ಹಿಡಿದು, "ಈಗ ಉಗುಳು ನುಂಗಬೇಡಿ, ಮಾತಾಡಬೇಡಿ" ಎನ್ನುತ್ತಾರೆ. ಸೂಜಿಯನ್ನು ಗಂಟಿನೊಳಗೆ ಹಿಂದೆ ಮುಂದೆ ಆಡಿಸುತ್ತಾರೆ. ಕೆಲವೇ ಸೆಕೆಂಡಿನ ಕೆಲಸ. ಒತ್ತಿದಂತೆ ಅನಿಸುತ್ತದೆ, ಕೆಲವರಿಗೆ ಕಿವಿಯ ತನಕ ನೋವು ಎಳೆಯುತ್ತದೆ. ತಡೆಯಲಾಗದಿದ್ದರೆ ಕೈ ಎತ್ತಿ, ಬಾಯಿ ತೆರೆಯಬೇಡಿ.

ಸೂಜಿ ಹೊರಬಂದಾಗ ಸಿರಿಂಜ್ ಖಾಲಿ ಕಾಣುತ್ತದೆ. ನನಗೂ ಏನೂ ಬರಲಿಲ್ಲವಲ್ಲ ಅನಿಸಿತು. ಬೇಕಾದದ್ದು ಸಿರಿಂಜಿಗೆ ಬರಬೇಕಾಗೇ ಇಲ್ಲ, ಸೂಜಿಯ ಕೊಳವೆಯಲ್ಲಿದ್ದರೆ ಸಾಕು. ಡಾಕ್ಟರ್ ಸೂಜಿ ಕಳಚಿ, ಸಿರಿಂಜಿಗೆ ಗಾಳಿ ಎಳೆದು, ಮತ್ತೆ ಸೂಜಿ ಸಿಕ್ಕಿಸಿ ಗಾಜಿನ ಸ್ಲೈಡ್ ಮೇಲೆ ಒತ್ತಿದರು. ಸಾಸಿವೆಯಷ್ಟು ಕೆಂಪು ಹನಿ ಬಿತ್ತು. ಇನ್ನೊಂದು ಸ್ಲೈಡ್ ಇಟ್ಟು ಅದನ್ನು ಸವರಿದರು. ಒಂದನ್ನು ಗಾಳಿಗೆ ಒಣಗಲು ಬಿಟ್ಟರು, ಇನ್ನೊಂದನ್ನು ಒಣಗುವ ಮೊದಲೇ ಆಲ್ಕೋಹಾಲ್ ಡಬ್ಬಿಯಲ್ಲಿ ಮುಳುಗಿಸಿದರು. ಎರಡಕ್ಕೂ ಬೇರೆ ಬೇರೆ ಬಣ್ಣ ಹಾಕಿ ನೋಡುತ್ತಾರೆ. ಸ್ಲೈಡ್ ತುದಿಯಲ್ಲಿ ಹೆಸರು ಬರೆದಿದ್ದು ಪೆನ್ಸಿಲ್‌ನಲ್ಲಿ. ಪೆನ್ನಾದರೆ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿ ಹೋಗುತ್ತದಂತೆ. ಆ ಹೆಸರನ್ನು ಒಮ್ಮೆ ಓದಿ ನೋಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಲವೊಮ್ಮೆ ಥೈರಾಯ್ಡ್ ಗಂಟಿನಿಂದ ಕಾಫಿ ಡಿಕಾಕ್ಷನ್ ಬಣ್ಣದ ನೀರು ಬರುತ್ತದೆ. ಗಾಬರಿ ಬೇಡ, ಅದು ಹೆಚ್ಚಾಗಿ ಒಳಗೆ ಕಟ್ಟಿಕೊಂಡ ಹಳೆಯ ರಕ್ತ.

ಆಮೇಲೆ ಹತ್ತು ನಿಮಿಷ ಹತ್ತಿಯಿಂದ ಒತ್ತಿ ಹಿಡಿಯಬೇಕು. ಉಜ್ಜಬಾರದು. ಎರಡು ಮೂರು ದಿನ ಕಂದಿದಂತೆ ಇರಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕೊರಳು ದಿಢೀರನೆ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರ, ಕೀವು ಕಂಡರೂ ತೋರಿಸಿ.

ರಿಪೋರ್ಟ್ ಓದುವುದು

ಎಡವಿದ್ದು ಇಲ್ಲೇ. ಅತ್ತೆಯ ಮೊದಲ ರಿಪೋರ್ಟಿನಲ್ಲಿ ನಾನ್‌ಡಯಾಗ್ನಾಸ್ಟಿಕ್ ಎಂದಿತ್ತು. ರಿಪೋರ್ಟ್ ಕೊಟ್ಟ ಕೌಂಟರಿನವರು ವಿವರಿಸಲಿಲ್ಲ, ನಾವೂ ಕೇಳಲಿಲ್ಲ. 'ಏನೂ ಇಲ್ಲ' ಎಂದು ಅರ್ಥ ಮಾಡಿಕೊಂಡು ಮನೆಯಲ್ಲಿ ಪಾಯಸ ಮಾಡಿದೆವು. ವಾರದ ನಂತರ ಡಾಕ್ಟರ್ ಹೇಳಿದರು: "ಇದರಲ್ಲಿ ಇಲ್ಲ ಅಂತ ಬರೆದಿಲ್ಲ. ನೋಡೋಕೆ ಸಾಲದು ಅಂತ ಬರೆದಿದೆ."

ಥೈರಾಯ್ಡ್ ರಿಪೋರ್ಟಿಗೆ ಬೆಥೆಸ್ಡಾ ಎಂಬ ಪದ್ಧತಿ ಇದೆ. 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ನಡೆದ ಸಭೆಯಿಂದ ಬಂದದ್ದು, 2023ರಲ್ಲಿ ಅದರ ಮೂರನೇ ಆವೃತ್ತಿ ಬಂದಿದೆ. ಇದರಲ್ಲಿ ಆರು ದರ್ಜೆ. ಒಂದು ಎಂದರೆ ಕೋಶ ಸಾಲದು. ಸಾಮಾನ್ಯ ನಿಯಮದಂತೆ ಹತ್ತು ಹತ್ತು ಕೋಶಗಳ ಕನಿಷ್ಠ ಆರು ಗುಂಪಾದರೂ ಸ್ಲೈಡಿನಲ್ಲಿ ಸಿಗಬೇಕು. ಸಿಗದಿದ್ದರೆ ಸ್ಕ್ಯಾನಿಂಗ್ ನೋಡಿಕೊಂಡು ಮತ್ತೆ ಚುಚ್ಚುತ್ತಾರೆ. ಅದು ಲ್ಯಾಬಿನವರ ಸೋಮಾರಿತನವಲ್ಲ, ಕಂಡಿದ್ದಷ್ಟನ್ನೇ ಹೇಳುವ ಪ್ರಾಮಾಣಿಕತೆ.

ಎರಡು ಎಂದರೆ ಕ್ಯಾನ್ಸರ್ ಅಲ್ಲದ ಗಂಟು. ಮೂರು ಅನುಮಾನದ್ದು, ಮತ್ತೆ ಪರೀಕ್ಷೆ ಬೇಕಾಗಬಹುದು. ಐದು ಬಲವಾದ ಶಂಕೆ. ಆರು ಎಂದರೆ ಕ್ಯಾನ್ಸರ್ ಎಂಬುದು ಹೆಚ್ಚುಕಡಿಮೆ ಖಚಿತ.

ನಾಲ್ಕನ್ನು ಬೇಕೆಂದೇ ಬಿಟ್ಟೆ. ಜನ ಜಾಸ್ತಿ ಗೊಂದಲಕ್ಕೆ ಬೀಳುವುದು ಅಲ್ಲೇ. ಈ ದರ್ಜೆಗೆ ಬರುವ ಫಾಲಿಕ್ಯುಲರ್ ಎಂಬ ಜಾತಿಯ ಗಂಟಿನಲ್ಲಿ ಒಳ್ಳೆಯದರ ಕೋಶವೂ ಕೆಟ್ಟದರ ಕೋಶವೂ ನೋಡಲು ಒಂದೇ ಥರ. ಗಂಟಿನ ಸುತ್ತಲ ಪೊರೆಯನ್ನೋ ರಕ್ತನಾಳವನ್ನೋ ಕೋಶಗಳು ಹೊಕ್ಕಿದ್ದರೆ ಅದು ಕ್ಯಾನ್ಸರ್. ಕಾಳು ನೋಡಿ ಹುಳ ಹಿಡಿಯಬಹುದು, ಮೂಟೆ ಹರಿದಿದೆಯೇ ಎಂದು ಕಾಳು ಹೇಳುತ್ತದೆಯೇ? ಅದಕ್ಕೆ ಮೂಟೆಯನ್ನೇ ನೋಡಬೇಕು. ಹಾಗಾಗಿ ಥೈರಾಯ್ಡ್‌ನ ಆ ಒಂದು ಭಾಗ ತೆಗೆದು ಪರೀಕ್ಷಿಸೋಣ ಎಂದು ಡಾಕ್ಟರ್ ಹೇಳಬಹುದು. "ಕ್ಯಾನ್ಸರ್ ಅಂತ ಗೊತ್ತಿಲ್ಲದೇ ಆಪರೇಷನ್ನಾ?" ಎಂದು ಸಿಟ್ಟಾಗುವ ಮೊದಲು ಇದು ನೆನಪಿರಲಿ.

ಥೈರಾಯ್ಡ್ ಅಲ್ಲದ ಗಂಟಾದರೆ

ಕತ್ತಿನ ಪಕ್ಕದ ಗಂಟುಗಳಲ್ಲಿ ನಮ್ಮ ಕಡೆ ಟಿಬಿ ಸಾಮಾನ್ಯ. ಹಿರಿಯರು ಗಂಡಮಾಲೆ ಎನ್ನುತ್ತಿದ್ದದ್ದು ಹೆಚ್ಚಾಗಿ ಇದನ್ನೇ. ಟಿಬಿ ಅನುಮಾನವಿದ್ದರೆ, ಟಿಬಿ ರೋಗಾಣುವನ್ನು ಪತ್ತೆ ಹಚ್ಚುವ ಸಿಬಿನ್ಯಾಟ್ ಪರೀಕ್ಷೆಗೂ ಅದೇ ಚುಚ್ಚಿನಲ್ಲಿ ಸ್ವಲ್ಪ ತೆಗೆದಿಡುತ್ತೀರಾ ಎಂದು ಕೇಳಿ, ಇನ್ನೊಂದು ಚುಚ್ಚು ಉಳಿಯಬಹುದು. ಟಿಬಿ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಸ್ತನದ ಗಂಟಿಗೆ ಈಗ ಹೆಚ್ಚಾಗಿ ಕೋರ್ ಬಯಾಪ್ಸಿ ಮಾಡುತ್ತಾರೆ. ಮರಗಟ್ಟಿಸಿ, ಸುಮಾರು ಎರಡು ಮಿಲಿಮೀಟರ್ ದಪ್ಪದ ಸೂಜಿಯಿಂದ ಶ್ಯಾವಿಗೆ ಎಳೆಯಂಥ ತುಂಡು ತೆಗೆಯುತ್ತಾರೆ. ಕ್ಯಾನ್ಸರ್ ಎಂದಾದರೆ ಯಾವ ಔಷಧಿ ಹೊಂದುತ್ತದೆ ಎಂಬ ಪರೀಕ್ಷೆಗಳಿಗೆ ಆ ತುಂಡು ಬೇಕು. ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಅನುಮಾನ ಬಂದರೆ ಇಡೀ ಗಂಟನ್ನೇ ತೆಗೆದು ನೋಡಬೇಕಾಗಬಹುದು.

ಅತ್ತೆಗೆ ಎರಡನೇ ಸಲ ಸ್ಕ್ಯಾನಿಂಗ್ ನೋಡಿಕೊಂಡು ಚುಚ್ಚಿದರು. ರಿಪೋರ್ಟ್ ಎರಡನೇ ದರ್ಜೆ. ಹಾಗಂತ ಮರೆತುಬಿಡುವಂತಿಲ್ಲ, ಡಾಕ್ಟರ್ ಹೇಳಿದ ಸಮಯಕ್ಕೆ ಮತ್ತೆ ಸ್ಕ್ಯಾನಿಂಗ್ ಆಗಬೇಕು.

ಸ್ಲೈಡ್‌ಗಳನ್ನು ಲ್ಯಾಬಿನಲ್ಲಿ ಕೇಳಿ ಪಡೆಯಬಹುದು, ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಹೋಗುವುದಾದರೆ ರಿಪೋರ್ಟ್ ಜೊತೆ ಅವನ್ನೂ ಒಯ್ಯಿರಿ. ಅಲ್ಲಿನವರು ತಮ್ಮ ಕಣ್ಣಲ್ಲೇ ನೋಡಬೇಕು ಎನ್ನುತ್ತಾರೆ. ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದರೆ ಬಸ್ಸಿನಲ್ಲೇ ಪುಡಿಯಾಗುತ್ತವೆ. ಸ್ಲೈಡಿಗೆಂದೇ ಇರುವ ಪ್ಲಾಸ್ಟಿಕ್ ಡಬ್ಬಿ ಕೇಳಿ. ಅತ್ತೆಯ ಡಬ್ಬಿ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇದೆ. ಮೊಮ್ಮಗಳು ಅದರ ಮೇಲೆ 'ನೆಲ್ಲಿಕಾಯಿ' ಎಂದು ಬರೆದಿದ್ದಾಳೆ, ಪೆನ್ಸಿಲ್‌ನಲ್ಲಿ.