ಸಚಿವರು ಜಾರಿಕೊಳ್ಳದ ಹಾಗೆ ಪ್ರಶ್ನೆ ಬರೆಯುವುದು ಹೇಗೆ

ಹನ್ನೊಂದು ವರ್ಷ ಒಬ್ಬ ಶಾಸಕರ ಹತ್ತಿರ ಆಪ್ತ ಸಹಾಯಕಿಯಾಗಿದ್ದೆ. ಅದರಲ್ಲಿ ಹೆಚ್ಚು ಕಾಲ ನಮ್ಮ ಸಾಹೇಬರು ಕೂತಿದ್ದು ವಿರೋಧ ಪಕ್ಷದ ಸಾಲಿನಲ್ಲೇ. ಪೊಲೀಸ್ ಸುಧಾರಣೆ ಮತ್ತು ಅಕ್ರಮ ಬಯಲು ಮಾಡಿದವರ ರಕ್ಷಣೆ, ಇವೆರಡು ಅವರ ಮೆಚ್ಚಿನ ವಿಷಯಗಳು. ಸದನದಲ್ಲಿ ಎದ್ದು ನಿಂತರೆ ಗುಡುಗುತ್ತಿದ್ದರು. ಮರುದಿನ ಪೇಪರಿನಲ್ಲಿ ಫೋಟೋ ಬರುತ್ತಿತ್ತು. ಇಲಾಖೆಯಲ್ಲಿ ಮಾತ್ರ ಒಂದು ಫೈಲೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಭಾಷಣಕ್ಕೆ ಉತ್ತರ ಕೊಡದೆ ಇರಬಹುದು, ಬರೆದು ಕೊಟ್ಟ ಪ್ರಶ್ನೆಗೆ ಕೊಡಲೇಬೇಕು ಅಂತ ನನಗೆ ಅರ್ಥವಾಗಿದ್ದು ತಡವಾಗಿ. ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅಂತ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಆಫೀಸಿನ ಬೀರು ತೆಗೆಯಿರಿ. ‘ಇಂಥ ಇನ್‌ಸ್ಪೆಕ್ಟರನ್ನು ನಮ್ಮ ಕ್ಷೇತ್ರಕ್ಕೆ ಹಾಕಿಕೊಡಿ’ ಅಂತ ನಿಮ್ಮ ಶಾಸಕರು ಬರೆದ ಶಿಫಾರಸು ಪತ್ರಗಳು ಎಷ್ಟಿವೆ ಎಣಿಸಿ. ತಮಾಷೆಗೆ ಹೇಳುತ್ತಿಲ್ಲ. ಪೊಲೀಸರ ವರ್ಗಾವಣೆಯಲ್ಲಿ ರಾಜಕೀಯ ಯಾಕೆ ಅಂತ ನಮ್ಮವರು ಒಮ್ಮೆ ಜೋರಾಗಿ ಕೇಳಿದರು. ಸಚಿವರು ನಗುತ್ತಾ ಎದ್ದು ನಮ್ಮದೇ ಲೆಟರ್‌ಹೆಡ್ ಪತ್ರ ಓದಿದರು. ಇಡೀ ಸದನ ನಕ್ಕಿತು. ಆ ಪತ್ರ ಟೈಪ್ ಮಾಡಿದ್ದು ನಾನೇ. ಪತ್ರಗಳಿದ್ದರೆ ಪ್ರಶ್ನೆ ಬಿಡಬೇಕಾಗಿಲ್ಲ. ‘ನಾನೂ ಬರೆದಿದ್ದೇನೆ, ಎಲ್ಲರೂ ಬರೆದಿದ್ದೇವೆ, ಅದನ್ನು ನಿಲ್ಲಿಸೋಣ ಅಂತಲೇ ಕೇಳುತ್ತಿದ್ದೇನೆ’ ಎಂದು ಮೊದಲೇ ಒಪ್ಪಿಕೊಳ್ಳಲು ಶಾಸಕರನ್ನು ತಯಾರು ಮಾಡಿ.

ಆಮೇಲೆ ಹಿಡಿಯಲು ಒಂದು ಗಟ್ಟಿ ಕೊಂಬೆ ಬೇಕು. ‘ಪೊಲೀಸ್ ವ್ಯವಸ್ಥೆ ಕುಸಿದಿದೆ’ ಅನ್ನುವುದು ಕೊಂಬೆಯಲ್ಲ, ಗಾಳಿ. ಕೊಂಬೆ ಅಂದರೆ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು. ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ 1996ರಲ್ಲಿ ಹಾಕಿದ ಅರ್ಜಿ ಅದು. 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು. ಡಿಜಿಪಿಗೂ ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷ ಅವಧಿ ಇರಬೇಕು. ತನಿಖೆ ಬೇರೆ, ಕಾನೂನು ಸುವ್ಯವಸ್ಥೆ ಬೇರೆ ಆಗಬೇಕು. ವರ್ಗಾವಣೆ ನೋಡಿಕೊಳ್ಳಲು ಪೊಲೀಸ್ ಅಧಿಕಾರಿಗಳದ್ದೇ ಒಂದು ಮಂಡಳಿ ಬೇಕು. ಪೊಲೀಸರ ಮೇಲಿನ ದೂರು ಕೇಳಲು ರಾಜ್ಯಕ್ಕೊಂದು, ಜಿಲ್ಲೆಗೊಂದು ದೂರು ಪ್ರಾಧಿಕಾರ ಬೇಕು. ನಮ್ಮಲ್ಲಿ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ, 1963ಕ್ಕೆ ತಿದ್ದುಪಡಿ ತಂದು ಇಂಥ ಮಂಡಳಿ, ಪ್ರಾಧಿಕಾರಗಳನ್ನು ಕಾನೂನಿಗೆ ಸೇರಿಸಿದರು. ಹಾಗಾಗಿ ‘ಕೋರ್ಟ್ ಹೇಳಿದ್ದು ಮಾಡ್ತೀರಾ’ ಅಂತ ಕೇಳುವ ಅಗತ್ಯವೇ ಇಲ್ಲ. ‘ನಿಮ್ಮದೇ ಕಾನೂನು ಎಷ್ಟು ನಡೆದಿದೆ’ ಅಂತ ಕೇಳಿ.

ಆ ಏಳು ನಿರ್ದೇಶನಗಳಲ್ಲಿ ಇನ್ನೊಂದು ರಾಜ್ಯ ಭದ್ರತಾ ಆಯೋಗ, ಸರ್ಕಾರ ಪೊಲೀಸರ ಮೇಲೆ ಸಲ್ಲದ ಒತ್ತಡ ಹಾಕದಂತೆ ನೋಡಿಕೊಳ್ಳಲು. ಅದರ ವಿಷಯದಲ್ಲಿ ಒಂದು ಸಣ್ಣ ಮಜಾ ಇದೆ. ಕೋರ್ಟ್ ಸೂಚಿಸಿದ ಮಾದರಿಗಳಲ್ಲಿ ವಿರೋಧ ಪಕ್ಷದ ನಾಯಕರೂ ಅದರ ಸದಸ್ಯರು. ಆಯೋಗ ಎಷ್ಟು ಸಲ ಸೇರಿದೆ ಅಂತ ಸರ್ಕಾರವನ್ನು ಕೇಳುವ ಮೊದಲು, ಸಭೆಯ ನೋಟಿಸ್ ಬಂದಿತ್ತಾ ಅಂತ ನಿಮ್ಮ ನಾಯಕರ ಆಫೀಸಿಗೇ ಒಂದು ಫೋನ್ ಹಾಕಿ.

ಈಗ ಪ್ರಶ್ನೆಯ ಒಕ್ಕಣೆ. ಹಳೆಯ ಪ್ರಶ್ನೆಗಳನ್ನು ನೋಡಿದರೆ ಎಲ್ಲವೂ ಒಂದೇ ತರ ಶುರುವಾಗುತ್ತವೆ: ‘(ಅ) ಇಂಥದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಈ ಸಾಲನ್ನು ದಯವಿಟ್ಟು ಬರೆಯಬೇಡಿ. ‘ಬಂದಿರುವುದಿಲ್ಲ’ ಅಂತ ಒಂದೇ ಪದದಲ್ಲಿ ಮುಗಿಸುತ್ತಾರೆ. ಕೆಳಗಿನ (ಆ), (ಇ), (ಈ) ಎಲ್ಲದಕ್ಕೂ ‘ಉದ್ಭವಿಸುವುದಿಲ್ಲ’. ನಾಲ್ಕು ತಿಂಗಳು ಕಾದು ತಂದ ಉತ್ತರದಲ್ಲಿ ಎರಡೇ ಪದ ನೋಡಿದಾಗ ಹೊಟ್ಟೆ ಉರಿಯುತ್ತದೆ.

ಸಂಖ್ಯೆ ಅಥವಾ ದಿನಾಂಕ ಕೊಡದೆ ಉತ್ತರಿಸಲು ಆಗಬಾರದು. ನಾನು ಕೊನೆಕೊನೆಗೆ ಬರೆಯುತ್ತಿದ್ದದ್ದು ಹೀಗೆ:

(ಅ) ಕಳೆದ ಮೂರು ವರ್ಷಗಳಲ್ಲಿ ಎರಡು ವರ್ಷ ಪೂರೈಸುವ ಮುನ್ನ ವರ್ಗಾವಣೆಯಾದ ಠಾಣಾಧಿಕಾರಿಗಳ ಸಂಖ್ಯೆ ಎಷ್ಟು? (ಜಿಲ್ಲಾವಾರು ವಿವರ ನೀಡುವುದು)

(ಆ) ಈ ವರ್ಗಾವಣೆಗಳಲ್ಲಿ ಎಷ್ಟಕ್ಕೆ ಕಾರಣ ಲಿಖಿತವಾಗಿ ದಾಖಲಾಗಿದೆ?

(ಇ) ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಗಳು ನಡೆಸಿದ ಸಭೆಗಳ ದಿನಾಂಕಗಳೇನು, ಬಂದ ದೂರುಗಳೆಷ್ಟು, ಇತ್ಯರ್ಥವಾದದ್ದೆಷ್ಟು?

ಇಷ್ಟೇ. ‘ಇದು ನಾಚಿಕೆಗೇಡಲ್ಲವೇ’ ಅಂತೆಲ್ಲ ಸೇರಿಸಿದರೆ ಪ್ರಶ್ನೆಯೇ ತಿರಸ್ಕೃತವಾಗಬಹುದು. ಕೋರ್ಟಿನಲ್ಲಿರುವ ಪ್ರಕರಣವನ್ನೂ ಎಳೆದು ತರಬೇಡಿ. ನಾಚಿಕೆಯ ಮಾತನ್ನು ಉಪಪ್ರಶ್ನೆಗೆ ಇಟ್ಟುಕೊಳ್ಳಿ. ಅದಕ್ಕಾಗಿಯೇ ಚುಕ್ಕೆ ಗುರುತಿನ ಪ್ರಶ್ನೆ ಬೇಕು, ಅಂದರೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದದ್ದು. ಚುಕ್ಕೆ ರಹಿತಕ್ಕೆ ಉತ್ತರ ಬರಹದಲ್ಲಷ್ಟೇ, ಅಂಕಿ ಅಂಶ ಸಿಗುತ್ತದೆ, ಎದ್ದು ಕೇಳುವ ಅವಕಾಶ ಸಿಗುವುದಿಲ್ಲ. ನಾನಾದರೆ ಮೊದಲ ಅಧಿವೇಶನದಲ್ಲಿ ಚುಕ್ಕೆ ರಹಿತ ಕೇಳಿ ಅಂಕಿ ತರಿಸಿಕೊಳ್ಳುತ್ತೇನೆ, ಮುಂದಿನದರಲ್ಲಿ ಚುಕ್ಕೆ ಗುರುತಿನದು. ನಿಲುವಳಿ ಸೂಚನೆ (ಉಳಿದ ಕೆಲಸ ನಿಲ್ಲಿಸಿ ಇದನ್ನೇ ಚರ್ಚಿಸಿ ಅನ್ನುವ ಸೂಚನೆ) ಕೊಡುವುದು, ಅದನ್ನು ನಿಯಮ 69ಕ್ಕೆ ಬದಲಾಯಿಸಿ ಚರ್ಚೆ ಮಾಡುವುದು ಎಲ್ಲ ನಾಯಕರ ಮಟ್ಟದ ಆಟ. ನಿಮ್ಮ ಕೈಯಲ್ಲಿ ಇರುವುದು ಪ್ರಶ್ನೆ.

ಅಕ್ರಮ ಬಯಲು ಮಾಡಿದವರ ರಕ್ಷಣೆ ಇನ್ನೂ ಜಾರುವ ನೆಲ. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ 2005ರಲ್ಲಿ ಉತ್ತರ ಪ್ರದೇಶದಲ್ಲಿ ಕೊಲೆಯಾದರು, ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕ್‌ಗೆ ಬೀಗ ಹಾಕಿಸಿದ್ದಕ್ಕೆ. ಅದಾಗಿ ಒಂಬತ್ತು ವರ್ಷಕ್ಕೆ, 2014ರಲ್ಲಿ, ಇಂಥವರ ರಕ್ಷಣೆಗೆ ಸಂಸತ್ತು ಕಾಯ್ದೆ ಮಾಡಿತು. ಆದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಜಾರಿ ಅಂತ ಅದರಲ್ಲೇ ಬರೆದಿದೆ, ಆ ಅಧಿಸೂಚನೆ ಬಂದೇ ಇಲ್ಲ. ಇಲ್ಲಿ ಕೇಳಿದರೆ ‘ಅದು ಕೇಂದ್ರದ್ದು’ ಅಂತ ಕೈ ತೊಳೆದುಕೊಳ್ಳುತ್ತಾರೆ. ಆದ್ದರಿಂದ ರಾಜ್ಯದ ಕೈಯಲ್ಲಿ ಇರುವುದನ್ನೇ ಕೇಳಿ. ಅಕ್ರಮ ಬಯಲು ಮಾಡಿದವರು ಕೇಸು ನಡೆದರೆ ಸಾಕ್ಷಿಯೂ ಆಗಬಹುದಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 398ನೇ ಕಲಂ ಪ್ರಕಾರ ಪ್ರತಿ ರಾಜ್ಯವೂ ಸಾಕ್ಷಿ ರಕ್ಷಣಾ ಯೋಜನೆ ಮಾಡಿ ಅಧಿಸೂಚನೆ ಹೊರಡಿಸಬೇಕು. ಯಾವ ದಿನಾಂಕದಂದು ಹೊರಡಿಸಿದ್ದೀರಿ? ಎಷ್ಟು ಜನ ರಕ್ಷಣೆ ಕೇಳಿದರು? ಎಷ್ಟು ಜನರಿಗೆ ಸಿಕ್ಕಿತು? ಇದಕ್ಕೆ ದೆಹಲಿಯ ಕಡೆ ಕೈ ತೋರಿಸಲು ಆಗುವುದಿಲ್ಲ.

ಇನ್ನು, ನಿಮಗೆ ಒಳಗಿನ ಸುದ್ದಿ ಕೊಟ್ಟವರ ವಿಷಯ. ಇಲ್ಲಿ ನಾನು ತಪ್ಪು ಮಾಡಿದ್ದೇನೆ. ಒಂದು ಠಾಣೆಯ ರೈಟರ್ (ಬರವಣಿಗೆ ಕೆಲಸ ನೋಡುವ ಪೊಲೀಸ್ ಸಿಬ್ಬಂದಿ) ನಮಗೆ ಒಂದು ಮಾಹಿತಿ ತಂದುಕೊಟ್ಟಿದ್ದರು. ನಾನು ಉತ್ಸಾಹದಲ್ಲಿ ಪ್ರಶ್ನೆಯಲ್ಲಿ ಠಾಣೆಯ ಹೆಸರು, ತಿಂಗಳು, ಫೈಲ್ ನಂಬರ್ ಎಲ್ಲ ಬರೆದೆ. ಆ ಫೈಲ್ ನೋಡುತ್ತಿದ್ದದ್ದು ಆ ಠಾಣೆಯಲ್ಲಿ ಇಬ್ಬರೇ. ಉತ್ತರ ಸದನಕ್ಕೆ ಬರುವ ಮೊದಲೇ ಆ ರೈಟರ್‌ಗೆ ವರ್ಗಾವಣೆ ಆದೇಶ ಬಂತು, ಎಲ್ಲಿಗೆ ಅಂತ ಸ್ಥಳ ತೋರಿಸದೆ. ನನ್ನ ಮೇಲೆ ಅವರು ಒಂದು ಮಾತೂ ಆಡಲಿಲ್ಲ. ಫೋನ್ ಎತ್ತುವುದನ್ನು ನಿಲ್ಲಿಸಿದರು, ಅಷ್ಟೇ.

ಅವತ್ತಿನಿಂದ ನಾನು ಪಾಲಿಸಿದ ಕ್ರಮ ಇದು. ಒಂದು ಠಾಣೆಯ ಸುದ್ದಿ ಬಂದರೆ ಪ್ರಶ್ನೆ ಇಡೀ ಜಿಲ್ಲೆಗೆ, ಸಾಧ್ಯವಾದರೆ ಅಕ್ಕಪಕ್ಕದ ಎರಡು ಜಿಲ್ಲೆಗೂ ಸೇರಿಸಿ. ಒಂದು ತಿಂಗಳ ಸುದ್ದಿಯಾದರೆ ಮೂರು ವರ್ಷಕ್ಕೆ. ಅವರು ಕೊಟ್ಟ ಕಾಗದದ ಪದಗಳನ್ನು ಹಾಗೇ ಎತ್ತಬೇಡಿ, ಒಳಗಿನವರಿಗಷ್ಟೇ ಗೊತ್ತಿರುವ ಪದ ಒಂದಿದ್ದರೂ ಮುಗೀತು. ಜೆರಾಕ್ಸ್ ಆಫೀಸಿನಲ್ಲಿ ಇಡಬೇಡಿ, ವಾಟ್ಸಾಪ್‌ನಲ್ಲಿ ಶಾಸಕರಿಗೆ ಕಳಿಸಬೇಡಿ, ಅವರ ಫೋನ್ ಡ್ರೈವರ್ ಕೈಯಲ್ಲೇ ಜಾಸ್ತಿ ಇರುತ್ತದೆ ಅಲ್ವಾ. ಆರ್‌ಟಿಐ ಹಾಕಬೇಕೆಂದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಪಕ್ಷದ ಕಾರ್ಯಕರ್ತರೊಬ್ಬರಿಂದ ಹಾಕಿಸಿ, ಸುದ್ದಿ ಕೊಟ್ಟವರಿಂದ ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಪೊಲೀಸ್ ಸಿಬ್ಬಂದಿಗೆ ಇನ್ನೊಂದು ಕಷ್ಟವೂ ಇದೆ. ಅವರ ಹಕ್ಕುಗಳನ್ನು ಮಿತಿಗೊಳಿಸುವ 1966ರ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಪತ್ರಿಕೆಯವರ ಜೊತೆ ಮಾತಾಡುವುದೇ ಅಪರಾಧ. ‘ಪ್ರೆಸ್‌ಗೆ ಹೋಗಿ’ ಅಂತ ಸುಮ್ನೆ ಸಲಹೆ ಕೊಡಬೇಡಿ.

ಉತ್ತರ ಬಂದ ದಿನ ಸುದ್ದಿ ಕೊಟ್ಟವರಿಗೆ ಫೋನ್ ಮಾಡಲೇಬೇಡಿ.

ಉತ್ತರದ ಪ್ರತಿಯಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಅಂತ ಇದ್ದರೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಅದು ಭರವಸೆ. ಸದನದಲ್ಲಿ ಕೊಟ್ಟ ಮಾತು ನಡೆಯಿತೇ ಅಂತ ನೋಡುವ ಸರ್ಕಾರಿ ಭರವಸೆಗಳ ಸಮಿತಿಗೆ ಶಾಸಕರಿಂದ ಪತ್ರ ಬರೆಸಬಹುದು. ‘ಪರಿಶೀಲನೆಯಲ್ಲಿದೆ’ ಅಂದರೆ ಅಷ್ಟು ಸುಲಭವಿಲ್ಲ. ನಾನು ಕೆಲಸ ಬಿಡುವಾಗ ನಮ್ಮ ಫೈಲಿನಲ್ಲಿ ಒಂದೇ ಪ್ರಶ್ನೆಗೆ ಬಂದ ನಾಲ್ಕು ಉತ್ತರಗಳಿದ್ದವು, ನಾಲ್ಕರಲ್ಲೂ ‘ಪರಿಶೀಲನೆಯಲ್ಲಿದೆ’. ನನ್ನ ಜಾಗಕ್ಕೆ ಬಂದ ಹುಡುಗನಿಗೆ ಹೇಳಿ ಬಂದೆ: ಐದನೇ ಸಲ ಪ್ರಶ್ನೆ ಕೇಳುವಾಗ (ಅ) ಭಾಗದಲ್ಲಿ ಆ ನಾಲ್ಕು ದಿನಾಂಕಗಳನ್ನೇ ಬರೆದು, ಪರಿಶೀಲನೆ ಮಾಡುತ್ತಿರುವ ಅಧಿಕಾರಿಯ ಹುದ್ದೆ ಯಾವುದು ಅಂತ ಕೇಳಪ್ಪ.